ಹೊರಗೆ ಕೂರದ ತಿಂಗಳುಗಳು

ಅತ್ತೆ ಬೈದಿದ್ದರೆ ವಿಮಲಳಿಗೆ ಸುಲಭವಾಗುತ್ತಿತ್ತು. ಬಚ್ಚಲ ಬಾಗಿಲ ಆಚೆಯಿಂದ ಬರುತ್ತಿದ್ದ ದನಿಯಲ್ಲಿ ಬೈಗುಳವಿರಲಿಲ್ಲ. ನೀರು ಸಾಕಾ, ಇನ್ನೊಂದು ಚೆಂಬು ಬಿಸಿನೀರು ಇಡಲಾ, ನೆಲ ಜಾರುತ್ತದೆ, ಗೋಡೆ ಹಿಡಿದುಕೊಂಡು ಏಳು ಎಂದು ಚಿಕ್ಕಲಕ್ಷ್ಮಮ್ಮ ಒಂದೇ ಸಮನೆ ಹೇಳುತ್ತಿದ್ದಳು. ಸಾಕು ಅತ್ತೆ ಎಂದಳು ವಿಮಲ. ಅವಳ ಕೈಯಲ್ಲಿ ಅಚ್ಚು ಇತ್ತು. ಅದನ್ನು ಸಾಬೂನು ಹಚ್ಚಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಮತ್ತೆ ಮೈಯೊಳಗೆ ಸೇರಿಸಿ, ಬಟ್ಟೆಯ ಪಟ್ಟಿ ಬಿಗಿದುಕೊಳ್ಳುವ ತನಕ ಹೊರಗಿನವರು ಯಾರೂ ಮಾತಾಡಬಾರದು ಅನ್ನಿಸುತ್ತಿತ್ತು. ಹಗುರಾದ ವಸ್ತು, ಮೇಲೆ ತೆಳುವಾದ ರಬ್ಬರಿನ ಹೊದಿಕೆ. ಅದಕ್ಕೆ ಅಚ್ಚು ಎಂಬ ಹೆಸರು ಕೊಟ್ಟವಳು ಆಸ್ಪತ್ರೆಯ ಡಾಕ್ಟರಮ್ಮ. ಕೆಂಗೇರಿಯ ಆಲೆಮನೆಯಲ್ಲಿ ಬೆಲ್ಲ ಹೊಯ್ಯುವ ಅಚ್ಚು ಬಿಟ್ಟರೆ ಬೇರೆ ಅಚ್ಚು ಕಾಣದಿದ್ದ ವಿಮಲಳಿಗೆ ಆ ಮಾತು ಕೇಳಿದಾಗ ನಗು ಬಂದಿತ್ತು, ನಕ್ಕಿದ್ದಕ್ಕೆ ನಾಚಿಕೆಯೂ ಆಗಿತ್ತು. ಹುಟ್ಟುವಾಗಲೇ ನಿನಗೆ ಆ ದಾರಿ ಆಗಿಲ್ಲ ಕಣಮ್ಮ, ಗರ್ಭಕೋಶವೂ ಇಲ್ಲ, ದಾರಿಯನ್ನು ನಾವು ಮಾಡಬಹುದು, ಗರ್ಭಕೋಶ ಮಾಡುವುದು ಯಾರ ಕೈಯಲ್ಲೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಸೊಪ್ಪಿನ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದ್ದಳು. ತೊಡೆಯ ಚರ್ಮವನ್ನು ತೆಳುವಾಗಿ ತೆಗೆದು, ಅಚ್ಚಿಗೆ ಸುತ್ತಿ, ಹೊಸದಾಗಿ ಬಿಡಿಸಿದ ಜಾಗದಲ್ಲಿ ಇಟ್ಟರೆ ಚರ್ಮ ಅಲ್ಲೇ ಹಿಡಿದುಕೊಳ್ಳುತ್ತದೆ. ಆಮೇಲೆ ಹಲವು ತಿಂಗಳು ಹಗಲೂ ರಾತ್ರಿ ಅಚ್ಚು ಒಳಗೇ ಇರಬೇಕು, ತೊಳೆಯುವಾಗ ಮಾತ್ರ ತೆಗೆಯಬೇಕು, ದಿನವೂ ತೊಳೆಯಬೇಕು. ಅಸಡ್ಡೆ ಮಾಡಿದರೆ ಮುಚ್ಚಿಕೊಂಡುಬಿಡುತ್ತದೆ, ಮಾಡಿದ್ದೆಲ್ಲ ದಂಡ. ಮುಚ್ಚಿಕೊಳ್ಳುವುದು ಮೈಯ ಬುದ್ಧಿ ಎಂದೂ ಡಾಕ್ಟರಮ್ಮ ಹೇಳಿದ್ದಳು. ತನ್ನ ಮೈಗೆ ತನ್ನನ್ನು ಬಿಟ್ಟು ಬೇರೆ ಬುದ್ಧಿ ಇದೆ ಎಂಬುದು ಅಂದಿನಿಂದ ವಿಮಲಳ ಮನಸ್ಸಿನಲ್ಲಿ ಕೂತಿತು.

ಬಾಗಿಲು ತೆರೆದಾಗ ಅತ್ತೆ ಒಣ ಸೀರೆ ಹಿಡಿದು ನಿಂತಿದ್ದಳು. ಸ್ವಂತ ಮಗಳಿಗೂ ಇವಳು ಹೀಗೆ ಸೀರೆ ಹಿಡಿದು ನಿಂತಿರಲಾರಳು. ಒಲೆಯ ಮುಂದೆ ಹೊಗೆ ಕುಡಿಯಬೇಡ, ಹಜಾರದಲ್ಲಿ ಕೂತುಕೋ ಎಂದಳು. ವಿಮಲ ಕೂತಳು. ಕೂರುವುದೂ ಈಗ ಒಂದು ವಿದ್ಯೆ. ಒಂದು ಪಕ್ಕಕ್ಕೆ ಭಾರ ಕೊಟ್ಟು, ತೊಡೆಯ ಗಾಯದ ಕಲೆ ನೆಲಕ್ಕೆ ಒತ್ತದ ಹಾಗೆ ನಿಧಾನವಾಗಿ ಇಳಿಯಬೇಕು. ಅವಳು ಹೀಗೆ ಕೂರುವುದನ್ನು, ಏಳುವಾಗ ಸೊಂಟಕ್ಕೆ ಕೈ ಕೊಡುವುದನ್ನು, ಕಾಲು ಅಗಲಿಸಿ ನಡೆಯುವುದನ್ನು ಅತ್ತೆ ನೋಡುತ್ತಿದ್ದಳು, ನೋಡಿ ತೃಪ್ತಿಪಡುತ್ತಿದ್ದಳು. ಹೊಟ್ಟೆಯಲ್ಲಿ ಗಂಟು ಇತ್ತು, ತೆಗೆದರು ಎಂದು ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದವನು ಮಗ ಗಂಗಾಧರ. ಗಂಟು ಅಡ್ಡ ಇದ್ದುದರಿಂದಲೇ ಮದುವೆಯಾಗಿ ಎರಡು ವರ್ಷವಾದರೂ ಸೊಸೆಗೆ ಬಸಿರು ನಿಲ್ಲಲಿಲ್ಲ, ಗಂಟು ಹೋಯಿತು, ನಿಂತಿತು. ಚಿಕ್ಕಲಕ್ಷ್ಮಮ್ಮನ ಲೆಕ್ಕ ಅಷ್ಟು ಸರಳ, ಅದಕ್ಕೆ ಪುರಾವೆಯೂ ಅವಳ ಕಣ್ಣೆದುರೇ ಇತ್ತು: ಆಸ್ಪತ್ರೆಯಿಂದ ಬಂದ ಮೇಲೆ ಸೊಸೆ ಒಂದು ಸಲವೂ ಹೊರಗೆ ಕೂತಿರಲಿಲ್ಲ.

ಕೂರದೆ ಇದ್ದದ್ದು ನೀರಿಗಾಗಿ. ಹೊರಗಾದವಳು ಮೂರು ದಿನ ಬಚ್ಚಲಿಗೆ ಕಾಲಿಡುವ ಹಾಗಿಲ್ಲ, ಹಂಡೆ ಮುಟ್ಟುವ ಹಾಗಿಲ್ಲ, ನಾಲ್ಕನೆಯ ದಿನ ತಲೆಗೆ ಎರೆದುಕೊಂಡ ಮೇಲೆಯೇ ಒಳಗೆ. ಅಚ್ಚು ತೊಳೆಯದೆ ಮೂರು ದಿನ ಹಿತ್ತಲಲ್ಲಿ ಕೂತರೆ ಏನಾಗುತ್ತದೆ ಎಂದು ಹೆದರಿ ಮೊದಲ ತಿಂಗಳು ಸುಮ್ಮನಿದ್ದಳು. ಅತ್ತೆ ಆ ವಾರವೆಲ್ಲ ಅವಳ ಮುಖವನ್ನೇ ಓದುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ. ಎರಡನೆಯ ತಿಂಗಳೂ ಸುಮ್ಮನಿದ್ದಳು. ಆಗ ಅತ್ತೆ ಬಾಯಿಬಿಟ್ಟು ಏನೂ ಕೇಳದೆ, ಬೀದಿ ನಲ್ಲಿಯಿಂದ ನೀರು ತರುವ ಕೊಡವನ್ನು ಅವಳ ಸೊಂಟದಿಂದ ಇಳಿಸಿಕೊಂಡು ತಾನೇ ಹೋದಳು. ಅವತ್ತು ರಾಜಾಜಿನಗರದ ಆ ಹೊಸ ಬೀದಿಯಲ್ಲಿ, ಇನ್ನೂ ಆಳೆತ್ತರವೂ ಬೆಳೆಯದ ಗಿಡಗಳ ಸಾಲಿನಲ್ಲಿ, ಮಂಡಿನೋವಿನ ಮುದುಕಿ ಕೊಡ ಹೊತ್ತು ಕುಂಟುತ್ತ ಬರುವುದನ್ನು ಕಿಟಕಿಯಿಂದ ನೋಡಿದಾಗಲೇ ವಿಮಲ ಹೇಳಬೇಕಿತ್ತು. ಹೇಳಲಿಲ್ಲ. ಕೊಡ ಇಳಿಸಿದ ಸುಖ ಸೊಂಟಕ್ಕೆ ಹಿತವಾಗಿತ್ತು. ಅದೊಂದೇ ಕಾರಣ ಎಂದು ಅವಳು ತನಗೆ ತಾನೇ ಹೇಳಿಕೊಂಡಳು, ಆದರೆ ಅದೊಂದೇ ಆಗಿರಲಿಲ್ಲ. ಬಿಸಿ ಮುದ್ದೆ ಮೊದಲು ಅವಳ ತಟ್ಟೆಗೆ ಬೀಳುತ್ತಿತ್ತು. ಹುಳಿ ಬೇಕಾ, ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಯಾರೋ ಕೇಳುತ್ತಿದ್ದರು. ತನಗೆ ಏನು ಬೇಕು ಎಂದು ಕೇಳಿದವರೇ ಇಲ್ಲದೆ ದೊಡ್ಡವಳಾದವಳು ಅವಳು. ದೊಡ್ಡವಳಾದಳು ಎಂಬ ಮಾತೂ ಅವಳ ವಿಷಯದಲ್ಲಿ ಸುಳ್ಳೇ.

ಓರಗೆಯ ಹುಡುಗಿಯರೆಲ್ಲ ಮೈನೆರೆದು ಮುಗಿದ ಮೇಲೆ, ಊರಿನವರು ಕೇಳತೊಡಗಿದ ಮೇಲೆ, ಅವ್ವ ಒಂದು ಬೆಳಗ್ಗೆ ಅವಳನ್ನು ಹಿತ್ತಲಿಗೆ ಕರೆದು ಮೂಲೆಯಲ್ಲಿ ಕೂರು, ಏಳಬೇಡ ಎಂದಿದ್ದಳು. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ. ಆರತಿ ಎತ್ತಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಹೆಂಗಸರು ಹಾಡಿದರು. ಸೊಪ್ಪಿನ ವಾಸನೆಯಲ್ಲಿ ಕೂತು ವಿಮಲ ಕಾಯುತ್ತಿದ್ದಳು. ಇಷ್ಟು ಜನ ಹಾಡುತ್ತಿದ್ದಾರೆ, ಇವತ್ತೇ ನಿಜವಾಗಿ ಆಗಿಬಿಡಬಹುದು ಎಂದು. ಕೆಲವರಿಗೆ ತಡ, ಆಗ್ತದೆ ಎಂದಳು ಅವ್ವ. ಆಗುವ ತನಕ ತಿಂಗಳಿಗೊಮ್ಮೆ ಅಮಾವಾಸ್ಯೆ ಕಳೆದ ಮೇಲೆ ಹೊರಗೆ ಕೂರು, ಮರೀಬೇಡ ಎಂದಳು. ಮರೆಯಲಿಲ್ಲ. ಗಂಡನ ಮನೆಯಲ್ಲೂ ಮರೆಯಲಿಲ್ಲ. ಹೌಸಿಂಗ್ ಬೋರ್ಡಿನವರು ಕಟ್ಟಿದ ಈ ಮನೆಯಲ್ಲಿ ಹೊರಗಾದವರಿಗೆ ಜಾಗವಿರಲಿಲ್ಲ. ಹಿತ್ತಲಲ್ಲಿ ಸೌದೆ ಒಟ್ಟುವ ತಗಡಿನ ಮಾಡಿನ ಕೆಳಗೆ ಅತ್ತೆ ಅರ್ಧ ಜಾಗ ಬಿಡಿಸಿ ಕೊಟ್ಟಳು. ಅಲ್ಲಿ ಚಾಪೆ ಹಾಸಿ ಕೂತರೆ ಮೋಟುಗೋಡೆಯ ಆಚೆ ನೀಲಗಂಗಮ್ಮ ಕಾಣುತ್ತಿದ್ದಳು, ದಾವಣಗೆರೆ ಕಡೆಯವಳು, ಲಿಂಗವಂತರ ಪೈಕಿ. ನಮ್ಮಲ್ಲಿ ಇದೆಲ್ಲ ಇಲ್ಲ ತಂಗಿ ಎಂದು ಗೋಡೆಯ ಮೇಲಿಂದ ಕೈ ಚಾಚಿ ರೊಟ್ಟಿ ಕೊಡುತ್ತಿದ್ದಳು, ಕೈಗೆ ಕೈ ತಾಗಿದರೂ ಒರೆಸಿಕೊಳ್ಳುತ್ತಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗುತ್ತಿತ್ತು, ಒಳಗೆ ಅತ್ತೆ ಒಬ್ಬಳೇ ಪಾತ್ರೆ ಉಜ್ಜುತ್ತಿದ್ದಳು, ವಿಮಲ ಚಾಪೆಯ ಮೇಲೆ ಕಾಲು ನೀಡಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಸುಳ್ಳಿನ ಆ ಮೂರು ದಿನಗಳೇ ತಿಂಗಳಲ್ಲಿ ಅವಳು ಬಿಡುವಾಗಿ ಉಸಿರಾಡುತ್ತಿದ್ದ ದಿನಗಳು ಎಂಬುದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಈಗ ಅತ್ತೆ ಅಡುಗೆಮನೆಯಿಂದಲೇ ಮಗನಿಗೆ ಹೇಳುತ್ತಿದ್ದಳು. ನಾಳೆ ಹೇರೋಹಳ್ಳಿಗೆ ಹೋಗುತ್ತೇನೆ, ನಿಮ್ಮ ದೊಡ್ಡಮ್ಮನಿಗೆ ತಿಳಿಸಿ, ಬಳೆ ತೊಡಿಸುವುದಕ್ಕೆ ದಿನ ಕೇಳಿಕೊಂಡು ಬರುತ್ತೇನೆ. ಆ ಮನೆಯವರು ಹೋದ ಯುಗಾದಿಯಲ್ಲಿ, ಇನ್ನೊಬ್ಬಳನ್ನು ತರೋದು ತಾನೆ, ಎರಡನೇ ಮದುವೆ ಕೂಡದು ಅನ್ನೋ ಕಾನೂನು ಸಿಟಿಯಲ್ಲಿ, ನಮ್ಮೂರಲ್ಲಿ ಯಾವ ಕಾನೂನು ಎಂದು ನನ್ನ ಮುಖದ ಮೇಲೇ ನಕ್ಕಿದ್ದರು, ಅವರ ಬಾಯಿ ಮುಚ್ಚಿಸಿ ಬರುತ್ತೇನೆ. ಗಂಗಾಧರ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೂಂ ಎನ್ನುತ್ತಿದ್ದ. ಮೇಲಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದ. ಬುತ್ತಿ ತೆಗೆದುಕೊಳ್ಳುವ ನೆಪದಲ್ಲಿ ವಿಮಲಳ ಹತ್ತಿರ ಬಂದು ಬಗ್ಗಿದ.

"ಇವತ್ತು ಕೂತ್ಕೊಂಡ್ಬಿಡು," ಎಂದ ಪಿಸುದನಿಯಲ್ಲಿ. "ನಿಲ್ಲಲಿಲ್ಲ ಅಂದ್ಕೋತಾಳೆ. ತಾನಾಗೇ ಮುಗಿದೋಗ್ತದೆ."

"ನೀರು?"

"ಯಾವ ನೀರು?" ಎಂದವನಿಗೆ ಆಮೇಲೆ ಹೊಳೆಯಿತು. "ಮೂರು ದಿನ ತಾನೆ. ಏನಾಗಲ್ಲ."

ಅವನು ಸೈಕಲ್ಲು ಹತ್ತಿ ಹೋದ ಮೇಲೂ ಆ ಮಾತು ಹಜಾರದಲ್ಲೇ ನಿಂತಿತ್ತು. ಅವನು ಕೆಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ತಪ್ಪು ತನ್ನದೇ ಎಂದುಕೊಂಡು ಸಿಟಿ ಮಾರ್ಕೆಟ್ಟಿನ ಬಳಿ ಯಾರ ಹತ್ತಿರವೋ ಲೇಹ್ಯ ತಂದು ಗುಟ್ಟಾಗಿ ತಿಂದವನು. ಮತ್ತೊಂದು ಸಲ, ನೋವಿಗೆ ಅವಳು ಕೂಗಿಕೊಂಡಾಗ, ಗೋಡೆಯ ಕಡೆ ತಿರುಗಿ ಕೂತು, ನಾನು ನಿನಗೆ ಇಷ್ಟವಿಲ್ಲವಾದರೆ ಹೇಳಿಬಿಡು ಎಂದು ಅತ್ತವನು. ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ ದಿನ ಮಕ್ಕಳ ಮಾತನ್ನೇ ಎತ್ತದೆ, ಇವಳಿಗೆ ನೋವು ಜಾಸ್ತಿ ಆಗುತ್ತಾ ಮೇಡಂ ಎಂದಷ್ಟೇ ಕೇಳಿದ್ದ. ಆ ಒಂದು ಪ್ರಶ್ನೆಯ ಮೇಲೆ ನಂಬಿಕೆಯಿಟ್ಟು ಅವಳು ಆಪರೇಷನ್ ಮೇಜಿನ ಮೇಲೆ ಮಲಗಿದ್ದಳು. ಡಾಕ್ಟರಾಗಲು ಓದುತ್ತಿದ್ದವರು ಗುಂಪಾಗಿ ಬಂದು ಮಂಚದ ಸುತ್ತ ನಿಂತು, ಹೊದಿಕೆ ಸರಿಸಿ, ಅಪರೂಪದ ಕೇಸು ಎಂದು ಬಗ್ಗಿ ನೋಡಿದಾಗಲೂ ಅವಳು ಸೂರಿನ ಫ್ಯಾನನ್ನೇ ನೋಡುತ್ತಿದ್ದಳು. ಅವರಲ್ಲೊಬ್ಬ ಗಂಡನ ಹೆಸರೇನು ಎಂದು ಕೇಳಿದ. ಗಂಡನ ಹೆಸರನ್ನು ಬಾಯಲ್ಲಿ ಆಡಿ ರೂಢಿಯಿಲ್ಲದ ಅವಳು ಸುಮ್ಮನಿದ್ದಳು. ಮದುವೆಯಾಗಿಲ್ಲವೇನೋ ಎಂದುಕೊಂಡು ಅವನು ಇಂಗ್ಲಿಷಿನಲ್ಲಿ ಏನೋ ಅಂದ, ಉಳಿದವರು ನಕ್ಕರು. ತೊಡೆಯ ಉರಿಗಿಂತ ಆ ನಗು ಹೆಚ್ಚು ದಿನ ಉಳಿಯಿತು. ಹೊರಗಿನ ಬೆಂಚಿನ ಮೇಲೆ ಆ ಹೆಸರಿನವನು ಕಿತ್ತಲೆಹಣ್ಣು ಹಿಡಿದು ಕೂತಿದ್ದ, ಒಳಗೆ ಬರಲು ಹೆದರಿ. ಈಗಲೂ ಹಾಗೆಯೇ. ಎಲ್ಲ ಬಾಗಿಲುಗಳ ತನಕ ಬರುತ್ತಾನೆ, ಒಳಗೆ ಬರುವುದಿಲ್ಲ. ಮೂರು ದಿನ ತಾನೆ ಎಂದವನಿಗೆ, ಆ ಮೂರು ದಿನದಲ್ಲಿ ಕಿರಿದಾಗಿಬಿಡಬಹುದಾದದ್ದು ಏನು ಎಂದು ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೂ ಹೇಳಿದ. ತಾಯಿಯ ಎದುರು ಒಂದು ಮಾತು ಆಡುವುದಕ್ಕಿಂತ ಅದು ಅವನಿಗೆ ಸಸಾರವಾಗಿ ಕಂಡಿತು.

ಆದರೂ ಅವಳು ಚಾಪೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಹೋಗುವಾಗ ಯಾರೋ ತಳ್ಳುತ್ತಿದ್ದಾರೆ ಅನ್ನಿಸಲಿಲ್ಲ. ತಾನೇ ಬೇಕೆಂದು ಹೋಗುತ್ತಿದ್ದೇನೆ, ಇಷ್ಟು ತಿಂಗಳು ತಿಂದ ಬಿಸಿ ಮುದ್ದೆಗೆ ಇದು ದಂಡ ಅನ್ನಿಸಿತು. ನಾಳೆ ಅತ್ತೆ ಹೇರೋಹಳ್ಳಿಗೆ ಹೋಗಿ ಹತ್ತು ಜನರೆದುರು ಹೇಳಿ, ಆಮೇಲೆ ತಿಂಗಳು ತುಂಬುತ್ತ ಬಂದಾಗ ಏನೂ ಇಲ್ಲವೆಂದು ತಿಳಿಯುವುದಕ್ಕಿಂತ ಇವತ್ತೇ ಹಿತ್ತಲಲ್ಲಿ, ಯಾರೂ ಇಲ್ಲದಾಗ ಮುಗಿಯಲಿ. ತಗಡಿನ ಮಾಡಿನ ಕೆಳಗೆ ಸೌದೆ ಹರಡಿಕೊಂಡಿತ್ತು. ಆ ಜಾಗ ಇನ್ನು ಬೇಕಾಗುವುದಿಲ್ಲವೆಂದು ಅತ್ತೆ ಅಲ್ಲೂ ಸೌದೆ ಒಟ್ಟಿದ್ದಳು. ವಿಮಲ ನಾಲ್ಕು ಸೌದೆ ಸರಿಸಿ, ಇಕ್ಕಟ್ಟಿನಲ್ಲಿ ಚಾಪೆಯನ್ನು ಅರ್ಧ ಮಡಿಸಿ ಹಾಕಿ ಕೂತಳು. ಗೋಡೆಯ ಆಚೆ ನೀಲಗಂಗಮ್ಮನ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಅತ್ತೆ ಬೇಗ ಬಂದು ನೋಡಲಿ, ನೋಡಿ ಬೈಯಲಿ ಎಂದು ವಿಮಲ ಕಾದಳು.

ಅತ್ತೆ ಮಜ್ಜಿಗೆಯ ಲೋಟ ಹಿಡಿದು ಸೊಸೆಯನ್ನು ಹುಡುಕುತ್ತ ಹಿತ್ತಲ ಬಾಗಿಲಿಗೆ ಬಂದಳು. ಕಂಡಳು. ಲೋಟವನ್ನು ಹೊಸ್ತಿಲ ಮೇಲೆ ಇಟ್ಟಳು, ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಆಮೇಲೆ ಮಂಡಿ ಹಿಡಿದುಕೊಂಡು ಹೊಸ್ತಿಲ ಈಚೆ ನೆಲಕ್ಕೆ ಕೂತಳು. ಬೈಯಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡಳು, ಸ್ವಲ್ಪ ಹೊತ್ತು ಅವಳ ಭುಜಗಳು ಮಾತ್ರ ಅಲ್ಲಾಡಿದವು.

"ನಂದೇ ತಪ್ಪು ಕಣವ್ವ," ಎಂದಳು ಕೊನೆಗೆ. "ನಿನ್ನೆ ರಾಗಿಕಲ್ಲು ತಿರುಗಿಸ್ತೀನಿ ಅಂತ ನೀನು ಬಂದಾಗ ಬೇಡ ಅನ್ಬೇಕಾಗಿತ್ತು. ಮಂಡಿ ನೋಯ್ತಿತ್ತು, ಒಂದು ಘಳಿಗೆ ಅಂತ ಬಿಟ್ಟೆ. ನನ್ನ ಕೈಯಾರೆ ಕಳೆದೆ."

ವಿಮಲಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇದು ಗಂಗಾಧರ ಹೇಳಿದ್ದರಲ್ಲಿ ಇರಲಿಲ್ಲ, ಅವಳು ಅಂದುಕೊಂಡಿದ್ದರಲ್ಲೂ ಇರಲಿಲ್ಲ. ಇಲ್ಲದ ಮಗುವೊಂದನ್ನು ಈ ಮುದುಕಿ ತಾನೇ ಕೊಂದೆ ಎಂದುಕೊಂಡು ಇನ್ನು ಬದುಕುತ್ತಾಳೆ. ರಾಗಿಕಲ್ಲು ಕಂಡಾಗಲೆಲ್ಲ ನೆನೆಯುತ್ತಾಳೆ, ಸಾಯುವಾಗಲೂ ನೆನೆಯುತ್ತಾಳೆ. ಹಾಗೆ ನೆನೆಯುತ್ತಿರುವಷ್ಟು ದಿನ ಸೊಸೆಗೆ ಬಿಸಿ ಮುದ್ದೆ ಮೊದಲು ಬೀಳುತ್ತದೆ. ಸುಮ್ಮನಿದ್ದರೆ ಸಾಕು. ಸುಮ್ಮನಿದ್ದರೆ ತನ್ನನ್ನು ಈ ಮನೆಯಿಂದ ಯಾರೂ ಕಳಿಸಲಾರರು; ಅತ್ತೆಯೇ ಅಡ್ಡ ನಿಲ್ಲುತ್ತಾಳೆ. ಅದು ತನಗೆ ಎಷ್ಟು ಬೇಗ ಹೊಳೆಯಿತು ಎಂಬುದನ್ನು ನೋಡಿ ವಿಮಲ ತನಗೆ ತಾನೇ ಹೇಸಿದಳು. ಆ ಹೇಸಿಗೆಯಲ್ಲೇ ಎದ್ದಳೋ, ಕೂರಲಾಗದ ನೋವಿಗೆ ಎದ್ದಳೋ. ಅತ್ತೆಯ ಎದುರು ಬಂದು, ಹೊರಗಾದವಳು ಬರಬಾರದಷ್ಟು ಹತ್ತಿರ, ಬಗ್ಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಚಿಕ್ಕಲಕ್ಷ್ಮಮ್ಮ ಬೆಂಕಿ ತಗುಲಿದವಳ ಹಾಗೆ ಕೈ ಎಳೆದುಕೊಂಡಳು.

"ಏನೂ ಇರಲಿಲ್ಲ ಅತ್ತೆ, ಕಳೆಯೋಕೆ," ಎಂದಳು ವಿಮಲ. "ನಾನು ಹೊರಗಾಗಿಲ್ಲ. ಇವತ್ತೂ ಆಗಿಲ್ಲ, ಯಾವತ್ತೂ ಆಗಿಲ್ಲ. ನಂಗೆ ಗರ್ಭಕೋಶಾನೇ ಇಲ್ಲ."

ಉಳಿದದ್ದನ್ನು ಹೊಸ್ತಿಲ ಮೇಲೆ ನಿಂತೇ ಹೇಳಿದಳು. ಕೆಂಗೇರಿಯ ಸೊಪ್ಪಿನ ಗುಡ್ಲು, ಅಮಾವಾಸ್ಯೆಯ ಲೆಕ್ಕ, ಗಂಟು ಎಂಬುದು ಸುಳ್ಳು, ತೊಡೆಯ ಚರ್ಮ, ಅಚ್ಚು, ಕುದಿಸಿದ ನೀರು. ಹೇಳುತ್ತ ಹೇಳುತ್ತ ತಾನು ಡಾಕ್ಟರಮ್ಮನ ದನಿಯಲ್ಲೇ ಹೇಳುತ್ತಿದ್ದೇನೆ, ಬೇರೆ ಯಾರದೋ ಮೈಯ ಸುದ್ದಿ ಹೇಳುವ ಹಾಗೆ ಎಂದು ಅವಳಿಗೆ ಕೇಳಿಸಿತು. ಮಕ್ಕಳಾಗುವುದಿಲ್ಲ ಎಂಬ ಮಾತು ಬಂದಾಗ ಮಾತ್ರ ದನಿ ಅವಳದೇ ಆಯಿತು, ಒಡೆಯಿತು. ಗೋಡೆಯ ಆಚೆ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ನೀಲಗಂಗಮ್ಮನಿಗೂ ಕೇಳಿಸಿರಬೇಕು. ಕೇಳಿಸಲಿ ಎಂದುಕೊಂಡಳು ವಿಮಲ, ಕೇಳಿಸಬಾರದಿತ್ತು ಎಂದೂ ಅಂದುಕೊಂಡಳು.

ಚಿಕ್ಕಲಕ್ಷ್ಮಮ್ಮ ಮುಖ ಎತ್ತಿದಳು. ಕಣ್ಣುಗಳು ಒಣಗಿದ್ದವು.

"ಅಂದ್ರೆ ಪ್ರತಿ ತಿಂಗಳೂ ಸುಮ್ಸುಮ್ನೆ ಅಲ್ಲಿ ಕೂತಿರ್ತಿದ್ದೆ," ಎಂದಳು.

"ಹೂಂ."

"ನಾನು ಈ ಮಂಡಿ ಇಟ್ಕೊಂಡು ಒಬ್ಳೇ ನೀರು ಹೊತ್ತೆ, ಪಾತ್ರೆ ಉಜ್ಜಿದೆ, ನಿನ್ನ ತಟ್ಟೆ ತಂದು ದೂರದಲ್ಲಿಟ್ಟೆ. ನೀನು ಕಾಲು ನೀಡ್ಕೊಂಡು ಗೋಡೆ ಆಚೆಯವಳ ರೊಟ್ಟಿ ತಿಂತಿದ್ದೆ. ನಾನು ನೋಡಿಲ್ಲ ಅಂದ್ಕೊಂಡಿದ್ಯಾ? ಪಾಪ, ಹೊಟ್ಟೆನೋವು, ತಿನ್ಲಿ ಅಂತ ಸುಮ್ನಿದ್ದೆ ಕಣೇ."

ಆ ಮಾತಿನ ಮೇಲೆ ಅವಳಿಗೆ ನಿಜವಾದ ಸಿಟ್ಟು ಬಂತು. ಎರಡು ವರ್ಷದ ನೀರು, ಪಾತ್ರೆ, ಸೌದೆ, ಒಂದೊಂದನ್ನೂ ಎತ್ತಿ ಆಡಿದಳು. ಕಳ್ಳಿ ಎಂದಳು, ಮೈಗಳ್ಳಿ ಎಂದಳು, ನಿಮ್ಮವ್ವನ ಬಾಯಿಗೆ ಹುಳ ಬೀಳಲಿ ಎಂದಳು. ಮೊಮ್ಮಗನ ಮಾತನ್ನು ಮಾತ್ರ ಎತ್ತಲಿಲ್ಲ. ಅದರ ಹತ್ತಿರ ಬಂದಾಗಲೆಲ್ಲ ಮತ್ತೆ ಪಾತ್ರೆಗೆ ಹೋಗುತ್ತಿದ್ದಳು. ವಿಮಲ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ಮೈಮೇಲೆ ಬೀಳುತ್ತಿದ್ದ ಹಾಗೆ, ಮನಸ್ಸು ಹಗುರವಾಗುತ್ತಿದ್ದುದು ಅವಳಿಗೆ ಆಶ್ಚರ್ಯವಾಗಿತ್ತು. ಹೊರಗೆ ಹಾಕುತ್ತಾಳೆಯೇ, ಕೆಂಗೇರಿಗೆ ಕಳಿಸುತ್ತಾಳೆಯೇ ಎಂಬ ಹೆದರಿಕೆ ಹೋಗಿರಲಿಲ್ಲ. ಆದರೆ ಈ ಬೈಗುಳ ಪೂರ್ತಿ ತನಗೇ ಸೇರಿದ್ದು, ಬೇರೆ ಯಾವ ಬಸುರಿಗೂ ಅಲ್ಲ. ಬೈದು ಬೈದು ಸಾಕಾಗಿ ಅತ್ತೆ ಒಳಗೆ ಹೋದಳು. ಚಾಪೆ ಎಲ್ಲಿಡಬೇಕು, ತಾನು ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ವಿಮಲ ಅಲ್ಲೇ ಇದ್ದಳು. ಒಳಗಿನಿಂದ ಹಂಡೆಯ ಒಲೆಗೆ ಸೌದೆ ನೂಕುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ, ನೀರು ಕಾದಿದೆ, ಅದೇನು ತೊಳೀಬೇಕೋ ತೊಳ್ಕೊ, ನನ್ನ ಕಣ್ಣಿಗೆ ಕಾಣೋ ಹಾಗೆ ಇಡಬೇಡ ಎಂಬ ಮಾತೂ ಬಂತು. ಬೆಳಗ್ಗೆ ತೊಳೆದಾಗಿತ್ತು. ವಿಮಲ ಅದನ್ನು ಹೇಳದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಹಬೆಯಲ್ಲಿ ಸುಮ್ಮನೆ ನಿಂತಳು.

ಸಂಜೆ ಗಂಗಾಧರ ಬಂದ. ಸೈಕಲ್ಲು ಒರಗಿಸುವಾಗಲೇ ಒಳಗೆ ಏನೋ ಆಗಿದೆ ಎಂದು ಅವನಿಗೆ ತಿಳಿದಿರಬೇಕು. ಕೈಕಾಲು ತೊಳೆಯುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಉಣ್ಣಲು ಬಂದು ಕೂತಾಗ ಅವನ ಮುಂದೆ ತಟ್ಟೆ ಇರಲಿಲ್ಲ. ತಾಯಿ ಎದುರು ನಿಂತು ಕೇಳಿದಳು, ಗಟ್ಟಿಯಾಗಿ ಅಲ್ಲ.

"ಇವತ್ತು ಹೋಗಿ ಕೂತ್ಕೋ ಅಂತ ನೀನೇ ಹೇಳಿದ್ಯಾ ಇವಳಿಗೆ?"

ಅವನು ವಿಮಲಳ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. "ಹೂಂ, ಕಣವ್ವ," ಎಂದ.

"ಎಲ್ಲಾ ಗೊತ್ತಿದ್ದೂ."

"ಹೂಂ."

"ಆಸ್ಪತ್ರೆಗೆ ಕರ್ಕೊಂಡು ಹೋದ ಗಂಡಸು, ನನ್ನ ಹತ್ರ ಒಂದು ಮಾತು ಹೇಳೋಕೆ ಆಗ್ಲಿಲ್ಲ. ನಾನು ಒಪ್ತಿದ್ನೋ, ಕುಯ್ಯೋ ಅಂತ ಅಳ್ತಿದ್ನೋ, ಅದು ಬೇರೆ. ಆ ಮಾಡಿನ ಕೆಳಗೆ ಇವಳನ್ನ ಕಂಡು, ನನ್ನ ಕೈಯಾರೆ ಕಳೆದೆ ಅಂದ್ಕೊಂಡು ಇವತ್ತು ನಾನು ಏನಾಗ್ಬಿಡ್ತಿದ್ದೆ ಗೊತ್ತಾ ನಿಂಗೆ?" ಅವಳು ಒಂದು ತಟ್ಟೆ ತೆಗೆದಳು. ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ತಟ್ಟೆಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ, ತಗಡಿನ ಮಾಡಿನ ಕೆಳಗೆ ಇಟ್ಟು ಬಂದಳು. "ಹೋಗು. ಇವತ್ತು ನೀನು ಕೂತ್ಕೋ ಅಲ್ಲಿ."

ಅವನು ತಮಾಷೆಯೆಂದುಕೊಂಡು ನಗಲು ನೋಡಿದ. ತಾಯಿಯ ಮುಖದಲ್ಲಿ ತಮಾಷೆಯಿರಲಿಲ್ಲ. ಎದ್ದ. ಹೊಸ್ತಿಲಲ್ಲಿ ಒಮ್ಮೆ ನಿಂತು, ತಲೆ ತಗ್ಗಿಸಿ, ಹಿತ್ತಲಿಗೆ ಇಳಿದು ಸೌದೆಯ ಪಕ್ಕ ಕೂತ. ಅವನು ಉಣ್ಣುವುದು ವಿಮಲಳಿಗೆ ಒಳಗಿನಿಂದ ಕಾಣುತ್ತಿತ್ತು. ಒಂದು ತುತ್ತು ಮುರಿದು, ಬಾಯಿಗಿಡದೆ ಹಾಗೇ ಹಿಡಿದುಕೊಂಡಿದ್ದ. ಹೋಗಿ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಇನ್ನೂ ಸ್ವಲ್ಪ ಹೊತ್ತು ಅವನು ಅಲ್ಲೇ ಕೂತಿರಲಿ ಎಂದೂ ಅನ್ನಿಸಿತು.

ಅತ್ತೆ ಎರಡು ತಟ್ಟೆ ಇಟ್ಟಳು. ಯಾರಿಗೆ ಮೊದಲು ಎಂದು ನೋಡದೆ ಮುದ್ದೆ ಹಾಕಿದಳು. ಇಬ್ಬರೂ ಉಣ್ಣತೊಡಗಿದರು. ಹೊರಗೆ ನಲ್ಲಿಯ ಬಳಿ ಯಾರೋ ಜಗಳ ಆಡುತ್ತಿದ್ದರು.

"ನಾಳೆ ಹೋಗಲ್ಲ ನಾನು ಹೇರೋಹಳ್ಳಿಗೆ," ಎಂದಳು ಚಿಕ್ಕಲಕ್ಷ್ಮಮ್ಮ ತಟ್ಟೆಯನ್ನೇ ನೋಡುತ್ತ. "ಆದ್ರೆ ಒಂದಲ್ಲ ಒಂದು ದಿನ ಹೋಗ್ಲೇಬೇಕಲ್ಲ. ಕೇಳ್ತಾರೆ. ನಿಮ್ಮವ್ವನ ಥರ ಗುಡ್ಲು ಹಾಕಿ ಕೂರ್ಸೋಕೆ ನನ್ನ ಕೈಲಾಗಲ್ಲ. ಇನ್ನೊಬ್ಬಳನ್ನ ತನ್ನಿ ಅಂತಾರೆ. ಅದಕ್ಕೇನು ಹೇಳ್ಬೇಕೋ ನಂಗೆ ಇನ್ನೂ ಗೊತ್ತಿಲ್ಲ."

ಗೊತ್ತಿಲ್ಲ ಎಂಬುದು ಬೇಡ ಎಂದಲ್ಲ, ಸರಿ ಎಂದೂ ಅಲ್ಲ. ವಿಮಲ ತುತ್ತು ನುಂಗದೆ ಕಾದಳು. ಅತ್ತೆ ಕೈಗೆ ಅಂಟಿದ ರಾಗಿಯನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಒರೆಸಿದಳು.

"ನಾನೊಬ್ಳೇ ಎಷ್ಟು ಅಂತ ಯೋಚ್ನೆ ಮಾಡ್ಲಿ," ಎಂದಳು. "ಏನು ಹೇಳೋದು ಅಂತ ನೀನೂ ಯೋಚ್ನೆ ಮಾಡು."